ಸಾಲವಿಲ್ಲದ ಈದ್

ಹಬ್ಬ ಹತ್ತಿರ ಬಂತೆಂದರೆ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ನನ್ನ ಕಣ್ಣು ಗೋಡೆಗೆ ಹೋಗುತ್ತದೆ. ಆಮೇಲೆ ಕಿಟಕಿಯ ಪರದೆ, ಬಾಗಿಲ ಬಣ್ಣ, ಪಡಸಾಲೆಯಲ್ಲಿ ಹಾಸಿದ ಹಾಸು. ವರ್ಷವಿಡೀ ಕಾಣದ ಕೊರತೆಗಳೆಲ್ಲ ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ಒಮ್ಮೆಲೇ ಎದ್ದು ನಿಲ್ಲುತ್ತವೆ. "ಬಂದವರು ಏನೆಂದುಕೊಂಡಾರು?" ಈ ಒಂದು ಪ್ರಶ್ನೆ ಎಷ್ಟು ಮನೆಗಳ ನೆಮ್ಮದಿಯನ್ನು ಕೆಡಿಸಿದೆಯೋ ಅಲ್ಲಾಹನೇ ಬಲ್ಲ. ನಮ್ಮ ಮನೆಯ ನೆಮ್ಮದಿಯನ್ನಂತೂ ಒಂದು ವರ್ಷ ಪೂರ್ತಿ ಕೆಡಿಸಿತು. ಆ ಕಥೆಯನ್ನು ನಿಮ್ಮ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ನಮ್ಮದು ಗದಗ ತಾಲ್ಲೂಕಿನ ಹರ್ತಿ. ಸುತ್ತಲಿನ ಊರಿನವರಿಗೆ ಹರ್ತಿ ಎಂದರೆ ಬಸವಣ್ಣನ ಗುಡಿ, ಬಸವಣ್ಣನ ಜಾತ್ರೆ. ಎರೆ ಭೂಮಿ, ಹತ್ತಿ, ಜೋಳ, ಹೆಸರು, ಉಳ್ಳಾಗಡ್ಡಿ ಬೆಳೆಯುವ ನಾಡು. ನಾವು ನದಾಫರು. ಹತ್ತಿ ಹಿಂಜಿ ಗಾದಿ ಮಾಡುವುದು ನಮ್ಮ ಹಿರಿಯರ ಕಸುಬು. ಮಾವನವರ ಕಾಲದಲ್ಲಿ ಬಿಲ್ಲಿನಿಂದ ಹಿಂಜುತ್ತಿದ್ದರು, ಈಗ ಯಂತ್ರವಿದೆ. ಮನೆಯಲ್ಲಿ ನಾವು ಐದು ಮಂದಿ: ಅತ್ತೆ, ನಾವಿಬ್ಬರು, ಮಗಳು, ಮಗ.

ಗಾದಿಯ ಕೆಲಸ ಮದುವೆಗಳ ಮೇಲೆ ನಿಂತಿದೆ. ಮದುವೆಗಳು ಬೆಳೆಯ ಮೇಲೆ ನಿಂತಿವೆ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರ ಘೋಷಿಸಿದ ವರ್ಷ ಅದು. ರೈತನ ಕೈಯಲ್ಲಿ ದುಡ್ಡಿಲ್ಲದಿದ್ದರೆ ಗಾದಿ ಮಾಡಿಸುವವರು ಯಾರು? ಇದ್ದ ಕೆಲವರೂ ಪೇಟೆಯ ಫೋಮ್ ಗಾದಿಯ ಕಡೆಗೆ ಹೊರಳಿದರು.

ಅಂಥ ವರ್ಷದಲ್ಲೇ ನನಗೆ ಹುಚ್ಚು ಹಿಡಿಯಿತು.

ಮೂವತ್ತು ಸಾವಿರದ ಹಬ್ಬ

2024ರ ಈದುಲ್ ಫಿತ್ರ್ ಏಪ್ರಿಲ್ 11ರಂದು ಇತ್ತು. ನಾದಿನಿಯ ಮದುವೆಯಾಗಿ ಮೊದಲ ಈದ್. ಹುಬ್ಬಳ್ಳಿಯಿಂದ ಅವಳ ಅತ್ತೆ, ಮಾವ, ಭಾವಂದಿರು ಎಲ್ಲರೂ ಬರುತ್ತೇವೆಂದು ಹೇಳಿ ಕಳುಹಿಸಿದ್ದರು. ಪಟ್ಟಣದವರು ಬರುತ್ತಾರೆ, ನಮ್ಮ ಮಣ್ಣಿನ ಗೋಡೆಯ ಮಾಳಿಗೆ ಮನೆ ನೋಡಿ ಏನೆಂದುಕೊಂಡಾರು ಎಂಬ ಚಿಂತೆ ನನಗೆ. ಓಣಿಯ ಹೆಂಗಸರೆಲ್ಲ ಸೇರಿ ಗುಂಪು ಮಾಡಿಕೊಂಡು ಒಂದು ಫೈನಾನ್ಸ್‌ನವರಿಂದ ಸಾಲ ಎತ್ತುತ್ತಿದ್ದರು. ನಾನೂ ಹೆಸರು ಬರೆಸಿದೆ. ರಮಝಾನಿನ ಮೊದಲ ವಾರದಲ್ಲೇ 30,000 ರೂಪಾಯಿ ಕೈಗೆ ಬಂತು. ವಾರಕ್ಕೆ 680 ರೂಪಾಯಿಯಂತೆ 50 ವಾರ ಕಟ್ಟಬೇಕು.

ಯಜಮಾನರು ಬೇಡವೆಂದಿದ್ದರು. "ಬಡ್ಡಿ ಸಾಲ ತಂದು ಈದ್ ಮಾಡೋದು ಯಾವ ಧರ್ಮ?" ಎಂದರು. ನಾನು ಕೇಳಲಿಲ್ಲ. ಬಡ್ಡಿ ನಮಗೆ ನಿಷಿದ್ಧವೆಂಬುದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹಗಲು ಉಪವಾಸ ಹಿಡಿದು, ರಾತ್ರಿ ತರಾವೀಹ್ ಮಾಡಿ, ನಡುವೆ ಹೋಗಿ ಬಡ್ಡಿಯ ಕಾಗದಕ್ಕೆ ಸಹಿ ಹಾಕಿ ಬಂದೆ.

ದುಡ್ಡು ಹೇಗೆ ಹೋಯಿತೆಂದು ಕೇಳಿ. ಕಿಟಕಿ, ಬಾಗಿಲ ಪರದೆಗಳಿಗೆ 2,400. ಪಡಸಾಲೆಯ ಕಾರ್ಪೆಟ್ಟಿಗೆ 3,200. ಗಾಜಿನ ತಟ್ಟೆ, ಬಟ್ಟಲುಗಳಿಗೆ 2,450. ಪ್ಲಾಸ್ಟಿಕ್ ಹೂವು, ಹಾರಗಳಿಗೆ 1,100. ಬಣ್ಣದ ದೀಪದ ಸರಕ್ಕೆ 850. ಹೀಗೆ ಬರೀ ಅಲಂಕಾರಕ್ಕೆ 10,000. ಬಟ್ಟೆಬರೆಗೆ 12,000, ಅಡುಗೆ ಮತ್ತು ಉಡುಗೊರೆಗೆ 8,000. ಹಬ್ಬದ ಹಿಂದಿನ ರಾತ್ರಿ ಕೈಯಲ್ಲಿ ಬಸ್ ಚಾರ್ಜಿಗೂ ಉಳಿದಿರಲಿಲ್ಲ.

ಅತ್ತೆ ಹೊಲಿದ ಹಳೆಯ ಕೌದಿಗಳನ್ನೆಲ್ಲ ಮಡಚಿ ಒಳಕೋಣೆಯ ಮೂಲೆಗೆ ತಳ್ಳಿದೆ. ಹರಕು ಸೀರೆಯ ತುಂಡುಗಳು ಅತಿಥಿಗಳ ಕಣ್ಣಿಗೆ ಬೀಳಬಾರದಲ್ಲ!

ಬೀಗರು ಬಂದರು. ಸುರಕುಂಬಾ ಕುಡಿದರು, ಊಟ ಮಾಡಿದರು, ಎರಡು ತಾಸು ಕುಳಿತರು. ಪರದೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಕಾರ್ಪೆಟ್ಟಿನ ಬಗ್ಗೆಯೂ ಇಲ್ಲ. ನಾದಿನಿಯ ಅತ್ತೆ ಸ್ವಲ್ಪ ಅಡ್ಡಾಗಲು ಒಳಕೋಣೆಗೆ ಹೋದರು. ಅಲ್ಲಿ ಮಡಚಿಟ್ಟಿದ್ದ ಕೌದಿಯನ್ನು ಬಿಚ್ಚಿ ಮಡಿಲ ಮೇಲೆ ಹರಡಿಕೊಂಡು ಕೂತಿದ್ದರು.

"ಯಾರ್ ಹೊಲದಾರವ್ವಾ ಇದನ್ನ? ಇಂಥಾದ್ದು ಈಗ ಎಲ್ಲಿ ಸಿಗತೈತಿ? ಇದನ್ನ ಯಾಕ ಮೂಲ್ಯಾಗ ಒಗದೀರಿ?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ.

ಬುಗುಡಿ ಹೋದದ್ದು

ಹಬ್ಬ ಒಂದು ದಿನದ್ದು, ಕಂತು 50 ವಾರದ್ದು. ಬೇಸಿಗೆಯಲ್ಲಿ ಹೇಗೋ ಕಟ್ಟಿದೆವು. ಮಳೆಗಾಲ ಬಂತು. 2024ರಲ್ಲಿ ಮಳೆ ಚೆನ್ನಾಗಿ ಬಿತ್ತು, ಊರೆಲ್ಲ ಹಿಗ್ಗಿತು. ಆದರೆ ಗಾದಿಯ ಕೆಲಸಕ್ಕೆ ಬಿಸಿಲು ಬೇಕು. ಹಸಿ ಹವೆಯಲ್ಲಿ ಹತ್ತಿ ಹಿಂಜಿದರೆ ಅರಳುವುದಿಲ್ಲ, ಗಂಟು ಬೀಳುತ್ತದೆ. ಆಗಸ್ಟಿನಲ್ಲಿ ಮೂರು ವಾರ ಕೆಲಸವೇ ಇರಲಿಲ್ಲ.

ಗುಂಪಿನ ಸಾಲ ಹೇಗಿರುತ್ತದೆಂದು ನಿಮಗೆ ಗೊತ್ತಿದ್ದೀತು. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಿಕೊಡಬೇಕು. ಮೊದಲ ವಾರ ಓಣಿಯ ಹೆಂಗಸರು ಹಂಚಿಕೊಂಡು ಕಟ್ಟಿದರು, ಒಂದು ಮಾತೂ ಆಡಲಿಲ್ಲ. ಎರಡನೇ ವಾರ ಮುಖ ತಿರುಗಿಸಿದರು. ಮೂರನೇ ವಾರ ವಸೂಲಿಯವನು ನಮ್ಮ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತ. ಅವನ ಹಿಂದೆ ಗುಂಪಿನ ಹೆಂಗಸರೆಲ್ಲ ನಿಂತರು. ಅವರೂ ಕೂಲಿ ಬಿಟ್ಟು ಬಂದವರು, ಅವರ ತಪ್ಪೇನಿತ್ತು? ಶಾಲೆಯಿಂದ ಬಂದ ಮಗಳು ಅಷ್ಟು ಜನರನ್ನು ಕಂಡು ಒಳಗೆ ಬರಲು ನಾಚಿ ಹೊರಗಿನ ಕಟ್ಟೆಯ ಮೇಲೆಯೇ ಕೂತುಬಿಟ್ಟಳು.

ಆ ಸಂಜೆ ಅತ್ತೆ ತಮ್ಮ ಕಿವಿಯ ಬುಗುಡಿಗಳನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟರು. ಅವರ ತಾಯಿ ಹಾಕಿದ್ದ ಬುಗುಡಿಗಳು. ಮಾವನವರು ಕಾಯಿಲೆ ಬಿದ್ದಾಗಲೂ ಮಾರಿರಲಿಲ್ಲ.

"ಬಂಗಾರ ಮೈಮ್ಯಾಲ ಇದ್ರೇನು, ಇರದಿದ್ರೇನು. ಬಾಗಲದಾಗ ಮಂದಿ ನಿಂದರಬಾರದು" ಎಂದರು. ಅಷ್ಟೇ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಬುಗುಡಿ ಮಾರಿದ ದುಡ್ಡಿನಲ್ಲಿ ಬಾಕಿ ಕಂತು ಕಟ್ಟಿ, ಮುಂದಿನ ಕೆಲವು ತಿಂಗಳ ಕಂತಿಗೆ ತೆಗೆದಿಟ್ಟೆವು. ಕೊನೆಯ ಕಂತು ಕಟ್ಟುವಾಗ 2025ರ ಫೆಬ್ರವರಿ ಮುಗಿಯುತ್ತ ಬಂದಿತ್ತು. ಒಟ್ಟು 34,000 ಕಟ್ಟಿದ್ದೆವು. ಅದೇ ತಿಂಗಳು ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದು ಪತ್ರಿಕೆಯಲ್ಲಿ ಬಂತು. ಒಳ್ಳೆಯದೇ ಆಯಿತು. ಆದರೆ ಕಾನೂನು ಬಾಗಿಲಿಗೆ ಬಂದವನನ್ನು ತಡೆದೀತು. ಅವನನ್ನು ಬಾಗಿಲಿಗೆ ಕರೆತಂದ ನನ್ನ ಒಳಗಿನ ಆಸೆಯನ್ನು ತಡೆಯಬೇಕಾದವಳು ನಾನೇ ಅಲ್ಲವೇ?

ನೂರಾ ಎಂಬತ್ತೈದು ರೂಪಾಯಿಯ ಅಲಂಕಾರ

ಸಾಲ ತೀರಿದ ಕೆಲವೇ ದಿನಗಳಲ್ಲಿ ರಮಝಾನ್ ಬಂತು. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, 31ಕ್ಕೆ ಈದ್. ಬೆನ್ನಿಗೆ ಬೆನ್ನು ಹಚ್ಚಿ ಬಂದ ಎರಡು ಹಬ್ಬಗಳು. ಈ ಸಲ ಸಾಲವಿಲ್ಲ, ಕಂತಿಲ್ಲ, ಅಂಗಡಿಯಲ್ಲಿ ಉದ್ರಿಯೂ ಇಲ್ಲ ಎಂದು ನಾವು ಮೊದಲೇ ಮಾತಾಡಿಕೊಂಡೆವು.

"ಈ ಸಲ ಲೈಟಿನ ಸರ ಹಾಕಂಗಿಲ್ಲೇನವ್ವಾ?" ಎಂದು ಮಗ ಕೇಳಿದ. ಹೋದ ವರ್ಷದ ಸರ ಒಂದೇ ಮಳೆಗಾಲಕ್ಕೆ ಕೆಟ್ಟಿತ್ತು. ಪ್ಲಾಸ್ಟಿಕ್ ಹೂವುಗಳು ಬಿಸಿಲಿಗೆ ಬಿಳಚಿ, ಧೂಳು ಹಿಡಿದು ನೋಡುವಂತಿರಲಿಲ್ಲ. "ಇಲ್ಲಪ್ಪಾ, ಈ ಸಲ ನಾವೇ ಮಾಡೂಣು" ಎಂದೆ. ಅವನ ಮುಖ ಸಣ್ಣದಾಯಿತು. ಮಕ್ಕಳು ಕೂಡಲೇ ಒಪ್ಪಿಬಿಟ್ಟರೆಂದು ಸುಳ್ಳು ಹೇಳಲಾರೆ.

ಮೊದಲು ಗೋಡೆ. ಸುಣ್ಣಕ್ಕೆ 90 ರೂಪಾಯಿ, ನೀಲಿಗೆ 15. ಸುಣ್ಣವನ್ನು ರಾತ್ರಿಯೇ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಒಂದು ಹಿಡಿ ಉಪ್ಪು ಕದಡಿದರೆ ಗೋಡೆಗೆ ಗಟ್ಟಿಯಾಗಿ ಹಿಡಿಯುತ್ತದೆ. ಚಿಟಿಕೆ ನೀಲಿ ಹಾಕಿದರೆ ಬಿಳುಪು ಮಿಂಚುತ್ತದೆ. ಸುಣ್ಣ ಕಲಸುವಾಗ ಮಕ್ಕಳನ್ನು ದೂರವಿಡಿ, ಕಣ್ಣಿಗೆ ಸಿಡಿದರೆ ಅಪಾಯ. ಮಣ್ಣಿನ ಗೋಡೆಗೆ ಪೇಂಟಿಗಿಂತ ಸುಣ್ಣವೇ ಲೇಸು, ಒಳಗಿನ ತೇವ ಹೊರಗೆ ಹೋಗಲು ಬಿಡುತ್ತದೆ. ಗೋಡೆಯ ಬುಡಕ್ಕೆ ಒಂದು ಗೇಣು ಅಗಲ ಕೆಮ್ಮಣ್ಣಿನ ಪಟ್ಟಿ ಬಳಿದೆವು. ಅದಕ್ಕೆ ಖರ್ಚೇ ಇಲ್ಲ.

ಆಮೇಲೆ ಕೌದಿ. ಮೂಲೆಯಲ್ಲಿದ್ದವನ್ನೆಲ್ಲ ತೆಗೆದು ಒಗೆದು ಬಿಸಿಲಿಗೆ ಹಾಕಿದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ಓಡುಹೊಲಿಗೆ ಹಾಕುವ ಕೆಲಸ ಅದು. ಒಂದು ಕೌದಿಗೆ ತಿಂಗಳು ಹಿಡಿಯುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳೂ ಇಂಥದ್ದನ್ನು ಹೊಲಿಯುತ್ತಾರೆ, ಮೂಲೆಗಳಿಗೆ ಹೂವಿನಂತೆ ಮಡಚಿದ ಬಟ್ಟೆ ಇಡುತ್ತಾರೆ. ಅವರ ಕೌದಿಗಳು ಈಗ ದೂರದೇಶದ ಪ್ರದರ್ಶನಗಳಲ್ಲಿ ಗೋಡೆಯ ಮೇಲೆ ತೂಗುತ್ತವೆ. ನಮ್ಮದನ್ನು ನಾವೇ ಪಡಸಾಲೆಯ ಗೋಡೆಗೆ ತೂಗಿದೆವು. ಇನ್ನೊಂದನ್ನು ಕಾರ್ಪೆಟ್ಟಿನ ಜಾಗದಲ್ಲಿ ಹಾಸಿದೆವು. ಅತ್ತೆ ಗೋಡೆಯ ಮುಂದೆ ಕೂತು, "ಇದು ನನ್ನ ಮದಿವಿ ಸೀರಿ. ಇದು ನಿನ್ನ ಗಂಡನ ಮೊದಲನೇ ಅಂಗಿ. ಈ ಹಸರು ನನ್ನ ತಂಗಿದು" ಎಂದು ಮೊಮ್ಮಕ್ಕಳಿಗೆ ಒಂದೊಂದು ತುಂಡನ್ನೂ ಮುಟ್ಟಿ ಹೇಳಿದರು. ಮದುವೆಯಾಗಿ ಹದಿನೇಳು ವರ್ಷವಾದರೂ ನಾನು ಆ ಮಾತುಗಳನ್ನು ಕೇಳಿರಲಿಲ್ಲ. ಕೇಳಿದ್ದರೆ ತಾನೇ ಹೇಳುವುದು?

ಮಕ್ಕಳಿಗೆ ಲಾಂದ್ರದ ಕೆಲಸ ಕೊಟ್ಟೆ. ಈಜಿಪ್ಟಿನಲ್ಲಿ ರಮಝಾನ್ ತಿಂಗಳಿಡೀ ಬೀದಿಗಳಲ್ಲಿ 'ಫಾನೂಸ್' ಎಂಬ ಲಾಂದ್ರಗಳನ್ನು ತೂಗುಹಾಕುತ್ತಾರೆ. ತಗಡಿಗೆ ಬಣ್ಣದ ಗಾಜು ಕೂಡಿಸಿ ಮಾಡುವ ಲಾಂದ್ರಗಳವು. ಅವುಗಳ ಚಿತ್ರ ತೋರಿಸಿದೆ. ನಮ್ಮ ಗದಗು ಮುದ್ರಣಕ್ಕೆ ಹೆಸರಾದ ಊರು, ಹೀಗಾಗಿ ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳಿಗೆ ಬರವಿಲ್ಲ. ಪತ್ರಿಕೆಯನ್ನು ನಡುವೆ ಮಡಚಿ, ಮಡಿಕೆಯ ಕಡೆಯಿಂದ ಬೆರಳಗಲಕ್ಕೆ ಒಂದೊಂದು ಸೀಳು ಹಾಕಿ, ಬಿಚ್ಚಿ ಸುತ್ತಿ ಅಂಟಿಸಿದರೆ ಲಾಂದ್ರ ಸಿದ್ಧ. ಬಣ್ಣದ ಕಾಗದಕ್ಕೆ 50 ರೂಪಾಯಿ, ದಾರ ಮತ್ತು ಅಂಟಿಗೆ 30. ಕಾಗದವಾದ್ದರಿಂದ ಒಳಗೆ ಮೇಣದ ಬತ್ತಿ ಇಡಕೂಡದು. ಮೊದಲ ದಿನ ಮುಖ ಊದಿಸಿಕೊಂಡಿದ್ದ ಮಗ ಮೂರನೇ ದಿನಕ್ಕೆ ಇಪ್ಪತ್ತು ಲಾಂದ್ರ ಮಾಡಿದ್ದ. ಎರಡನ್ನು ಗೆಳೆಯನಿಗೂ ಕೊಟ್ಟು ಬಂದ.

ಹೂದಾನಿಗೆ ಏನಿಡುವುದು? ಮಾರ್ಚಿನಲ್ಲಿ ನಮ್ಮ ಹೊಲಗಳಲ್ಲಿ ಹತ್ತಿಕಟ್ಟಿಗೆ ಕಿತ್ತು ಒಟ್ಟಿರುತ್ತಾರೆ. ಒಣಗಿದ ಕಡ್ಡಿಗಳಲ್ಲಿ ಅಲ್ಲಲ್ಲಿ ಬಿಡಿಸದೆ ಉಳಿದ ಹತ್ತಿ ಬಿರಿದಿರುತ್ತದೆ. ಅಂಥ ಏಳೆಂಟು ಕಡ್ಡಿಗಳನ್ನು ಯಜಮಾನರು ಆರಿಸಿ ತಂದರು. ಹಳೆಯ ಮಣ್ಣಿನ ಗಡಿಗೆಯಲ್ಲಿ ನಿಲ್ಲಿಸಿದೆವು. ನದಾಫರ ಮನೆಗೆ ಇದಕ್ಕಿಂತ ಒಪ್ಪುವ ಹೂವು ಇನ್ನೊಂದಿದೆಯೇ? ಮಗಳು ಕೋನ್ ಕೇಳದೆ ಹಿತ್ತಲಿನ ಮದರಂಗಿ ಸೊಪ್ಪನ್ನೇ ಅರೆದಳು.

ಅಲಂಕಾರದ ಲೆಕ್ಕ 185 ರೂಪಾಯಿಗೆ ಮುಗಿಯಿತು. ಶಾವಿಗೆಯನ್ನು ಮನೆಯಲ್ಲೇ ಗೋಧಿ ಹಿಟ್ಟಿನಿಂದ ಹೊಸೆದು ಹೋರಸಿನ ಮೇಲೆ ಒಣಗಿಸಿದ್ದೆವು. ಸುರಕುಂಬಾಕ್ಕೆ ಗೋಡಂಬಿ, ಪಿಸ್ತಾ ಬಿಟ್ಟು ಕೊಬ್ಬರಿ, ಗಸಗಸೆ, ಉತ್ತತ್ತಿ ಹಾಕಿದೆ. ಹೊಸ ಬಟ್ಟೆ ಮಕ್ಕಳಿಗೆ ಮಾತ್ರ. ನಾವು ಮೂವರು ಇದ್ದುದರಲ್ಲೇ ಒಳ್ಳೆಯದನ್ನು ತೊಳೆದು ಇಸ್ತ್ರಿ ಮಾಡಿಕೊಂಡೆವು.

ಯುಗಾದಿಯ ದಿನ ಎದುರು ಮನೆಯ ಅಕ್ಕ ಹೋಳಿಗೆ ತಂದುಕೊಟ್ಟವರು ಗೋಡೆಯ ಕೌದಿ ನೋಡುತ್ತ ನಿಂತುಬಿಟ್ಟರು. ಕಳೆದ ಆಗಸ್ಟಿನಲ್ಲಿ ವಸೂಲಿಯವನ ಹಿಂದೆ ನಮ್ಮ ಬಾಗಿಲಲ್ಲಿ ನಿಂತಿದ್ದವರಲ್ಲಿ ಅವರೂ ಒಬ್ಬರು. ಅಂದಿನಿಂದ ನಮ್ಮ ನಡುವೆ ಮಾತು ಕಡಿಮೆಯಾಗಿತ್ತು. ಮರುದಿನ ಸುರಕುಂಬಾ ಕೊಡಲು ಹೋದಾಗ ಅವರು ಪಾತ್ರೆ ಖಾಲಿ ಮಾಡಿ, ಒಂದು ಹಿಡಿ ಸಕ್ಕರೆ ಹಾಕಿ ತಿರುಗಿ ಕೊಟ್ಟರು. "ನನಗೂ ಕೌದಿ ಹೊಲ್ಯಾಕ ಕಲಿಸ್ತಾರೇನು ನಿಮ್ಮತ್ತಿ?" ಎಂದು ಕೇಳಿದರು.

ಈದ್ ನಮಾಝಿಗೆ ಮುನ್ನ ಫಿತ್ರ್ ಝಕಾತ್ ಕೊಡಬೇಕಲ್ಲ. ತಲೆಗೆ ಒಂದು ಸಾಅ್, ಎಂದರೆ ಸುಮಾರು ಎರಡೂವರೆಯಿಂದ ಮೂರು ಕಿಲೋ ಧಾನ್ಯ. ಐವರ ಪಾಲನ್ನು ಅಳೆದು ಕೊಟ್ಟೆವು. ಹಿಂದಿನ ವರ್ಷವೂ ಕೊಟ್ಟಿದ್ದೆ, ಆದರೆ ಸಾಲದ ದುಡ್ಡಿನಿಂದ. ಈ ಸಲದ್ದು ಯಜಮಾನರ ದುಡಿಮೆಯದು. ಅಳೆಯುವಾಗ ಕೈ ಹಗುರಾಗಿತ್ತು.

ನಿಮ್ಮಲ್ಲಿ ಒಂದು ಮಾತು

ಸಹೋದರಿಯರೇ, ಮಿತವ್ಯಯವೆಂದರೆ ಜಿಪುಣತನವೆಂದು ನಾನೂ ತಿಳಿದಿದ್ದೆ. ಜಿಪುಣ ಇದ್ದುದನ್ನು ಇತರರಿಗೆ ಕೊಡುವುದಿಲ್ಲ. ಮಿತವ್ಯಯಿ ಇಲ್ಲದ್ದನ್ನು ಇದೆಯೆಂದು ತೋರಿಸುವುದಿಲ್ಲ. ದುಂದು ಮತ್ತು ಜಿಪುಣತನ, ಎರಡರ ನಡುವಿನ ದಾರಿಯನ್ನೇ ನಮ್ಮ ಧರ್ಮ ಕಲಿಸಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರೂ ಹೇಳಿದ್ದಾರೆ. ಹಾಸಿಗೆ ಮಾಡಿ ಮಾರುವ ಮನೆಯವಳಾಗಿ ನನಗೆ ಅದು ತಿಳಿಯಲು ಇಷ್ಟು ದಿನ ಬೇಕಾಯಿತು.

ಹಬ್ಬಕ್ಕೆ ಆರು ತಿಂಗಳು ಮೊದಲೇ ಒಂದು ಹುಂಡಿ ಇಡಿ. ವಾರಕ್ಕೆ 50 ರೂಪಾಯಿ ಹಾಕಿದರೂ ಹಬ್ಬದ ಹೊತ್ತಿಗೆ 1,300 ರೂಪಾಯಿ ಆಗುತ್ತದೆ. ಮಕ್ಕಳ ಹಳೆಯ ನೋಟುಪುಸ್ತಕದ ಖಾಲಿ ಹಾಳೆಗಳಲ್ಲಿ ಖರ್ಚು ಬರೆಯಿರಿ. ಅಂಗಡಿಗೆ ಹೋಗುವ ಮೊದಲು ಒಮ್ಮೆ ನಿಮ್ಮ ಒಳಕೋಣೆಯ ಮೂಲೆ ನೋಡಿ. ಮನೆಯ ಹಿರಿಯರನ್ನು ಕೇಳಿ. ಮತ್ತು ಹಬ್ಬಕ್ಕಾಗಿ ಬಡ್ಡಿಯ ಕಾಗದಕ್ಕೆ ಸಹಿ ಹಾಕಬೇಡಿ.

ನಮ್ಮ ಹುಂಡಿ ಈಗ ಎರಡು. ಒಂದು ಈದ್‌ನದು. ಇನ್ನೊಂದು ಅತ್ತೆಯ ಬುಗುಡಿಯದು. ಬಂಗಾರದ ಬೆಲೆ ಏರುವ ವೇಗಕ್ಕೆ ಆ ಹುಂಡಿ ಓಡಲಾರದೆಂದು ನನಗೆ ಗೊತ್ತು. ಅತ್ತೆ, "ಬ್ಯಾಡ ಬಿಡವ್ವಾ, ಹುಡಿಗಿ ಕಾಲೇಜಿಗೆ ಇಡು" ಎನ್ನುತ್ತಾರೆ. ನಾನು ಮಾತ್ರ ವಾರ ತಪ್ಪದೆ ಹಾಕುತ್ತಿದ್ದೇನೆ. 50 ವಾರ ಪರರಿಗೆ ತಪ್ಪದೆ ಕಟ್ಟಲು ಕಲಿತವಳು, ನಮ್ಮವರಿಗಾಗಿ ಕಟ್ಟಲಾರೆನೇ?