ರಿವಾಲ್ವರಿನ ಸಂದು

ಪ್ರೌಢಶಾಲೆಯ ಮಕ್ಕಳಿಗೆ ನ್ಯೂಟನ್ನನ ಮೂರನೆಯ ನಿಯಮವನ್ನು ಬೋಧಿಸುವಾಗ ಕೋವಿಯ ಉದಾಹರಣೆ ತಪ್ಪದೆ ಬರುತ್ತಿತ್ತು. ಗುಂಡು ಮುಂದಕ್ಕೆ ಹಾರಿದರೆ ಕೋವಿ ಹಿಂದಕ್ಕೆ ಒದೆಯುತ್ತದೆ. ಆದರೆ ಹಾರಿಸಿದವನ ಮುಖಕ್ಕೇ ಸೀಸದ ಚೂರು ಏಕೆ ಸಿಡಿಯುತ್ತದೆ ಎಂಬುದಕ್ಕೆ ಆ ನಿಯಮದಲ್ಲಿ ಉತ್ತರವಿಲ್ಲ. ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಅಕ್ಕಿಹೆಬ್ಬಾಳಿನ ನಮ್ಮ ಹಿರಿಯ ಮಿತ್ರರೊಬ್ಬರು. ಹೇಮಾವತಿಯ ದಡದಲ್ಲಿ ಗದ್ದೆ, ಕಬ್ಬಿನ ತೋಟ ಉಳ್ಳವರು; ತಂದೆಯ ಕಾಲದ ರಿವಾಲ್ವರನ್ನು ಪರವಾನಗಿ ಸಹಿತ ಜೋಪಾನ ಮಾಡಿಕೊಂಡು ಬಂದವರು. ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿಗೆ ಹೋಗಿ ಬಂದವರೇ ಕೆನ್ನೆ ಮುಟ್ಟಿಕೊಂಡು ಕೇಳಿದರು: "ಮೇಷ್ಟ್ರೇ, ಗುಂಡು ಮುಂದಕ್ಕೆ ಹೋಗ್ಬೇಕು. ಇದು ನನ್ ಮಕಕ್ಕೇ ಎರಚ್ತದಲ್ಲ, ಯಾಕೆ?"

ಕಣ್ಣಿನ ಕೆಳಗೆ ಸಣ್ಣ ಗೀರು ಕಾಣುತ್ತಿತ್ತು. ಅದು ಒಂದು ಅಂಗುಲ ಮೇಲಾಗಿದ್ದರೆ ಏನಾಗುತ್ತಿತ್ತೆಂದು ಹೇಳಬೇಕಿಲ್ಲ.

ಈ ತೊಂದರೆ ಹೊಸದಲ್ಲ. ನಮ್ಮ ನೆರೆಯ ಶ್ರೀರಂಗಪಟ್ಟಣ 1799ರಲ್ಲಿ ಬಿದ್ದಾಗ ಎರಡೂ ಪಕ್ಷದ ಸಿಪಾಯಿಗಳ ಕೈಯಲ್ಲಿದ್ದುದು ಚಕಮಕಿ ಕಲ್ಲಿನ ಬಂದೂಕುಗಳು. ಅವುಗಳ ಕಿವಿಯ ಬಳಿಯ ಮದ್ದು ಹೊತ್ತಿದಾಗ ಕಿಡಿ ಹಾರುತ್ತಿದ್ದುದು ಸಿಪಾಯಿಯ ಕೆನ್ನೆಯ ಸಮೀಪದಲ್ಲೇ. 1836ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ತಿರುಗುವ ಸಿಲಿಂಡರಿನ ಆಯುಧಕ್ಕೆ ಅಲ್ಲಿ ಪೇಟೆಂಟ್ ಪಡೆದ. ಅದೇ ತತ್ತ್ವದಲ್ಲಿ ಅವನ ಕಂಪನಿ ಉದ್ದ ಬಂದೂಕನ್ನೂ ತಯಾರಿಸಿತು. ಮುಂದೆ ಚಾಚಿ ಹಿಡಿದ ತೋಳಿಗೆ ಕಿಡಿ ತಗಲುತ್ತಿದ್ದುದರಿಂದ ಸಿಪಾಯಿಗಳು ಅದನ್ನು ಮೆಚ್ಚಲಿಲ್ಲ.

ಕಾರಣ ಸರಳ. ರಿವಾಲ್ವರಿನಲ್ಲಿ ತೋಟಾ ಇರುವ ಸಿಲಿಂಡರ್ ಬೇರೆ, ನಳಿಕೆ ಬೇರೆ. ಸಿಲಿಂಡರ್ ತಿರುಗಬೇಕಾದರೆ ನಡುವೆ ಸಂದು ಇರಲೇಬೇಕು. ಅದು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ ಮಾತ್ರ. ಗುಂಡು ಈ ಸಂದನ್ನು ದಾಟುವಾಗ ಬಿಸಿ ಅನಿಲ ಪಕ್ಕಕ್ಕೆ ನುಗ್ಗುತ್ತದೆ. 1895ರ ರಷ್ಯದ ನಗಾಂತ್ ರಿವಾಲ್ವರಿನಲ್ಲಿ ಸಿಲಿಂಡರೇ ಮುಂದೆ ಸರಿದು ಸಂದು ಮುಚ್ಚುತ್ತದೆ. ಉಳಿದವುಗಳಲ್ಲಿ ಸಾಮಾನ್ಯವಾಗಿ ಆ ಏರ್ಪಾಡಿಲ್ಲ. ಅನಿಲ ಪಕ್ಕಕ್ಕೆ ಹೋಗುವುದು ಸಹಜ. ಸೀಸದ ಚೂರು ಹಿಂದಕ್ಕೆ ಬರುವುದು ರೋಗದ ಲಕ್ಷಣ.

ಗದ್ದೆಯ ಪಂಪ್‌ಸೆಟ್ಟಿನ ಎರಡು ಪೈಪುಗಳ ಬಾಯಿ ನೇರ ಕೂಡದಿದ್ದರೆ ನೀರು ಚಿಮ್ಮುವುದನ್ನು ಮಿತ್ರರಿಗೆ ನೆನಪಿಸಿದೆ. ಸಿಲಿಂಡರಿನ ರಂಧ್ರವೂ ನಳಿಕೆಯ ಬಾಯೂ ಒಂದೇ ನೇರದಲ್ಲಿ ನಿಲ್ಲದಿದ್ದರೆ ಗುಂಡಿನ ಅಂಚು ನಳಿಕೆಗೆ ತಗುಲಿ ಹೆರೆದುಹೋಗುತ್ತದೆ. ಸಿಲಿಂಡರನ್ನು ತಿರುಗಿಸುವ ಕೊಂಡಿ, ಹಿಡಿದು ನಿಲ್ಲಿಸುವ ಬೀಗ, ಅದು ಕೂರುವ ಕಚ್ಚು ಸವೆದರೆ ಹೀಗಾಗುತ್ತದೆ. ಎರಡನೆಯದು, ನಳಿಕೆಯ ಹಿಂಬಾಯಿ ಆಲಿಕೆಯಂತಿರುತ್ತದೆ. ಅಲ್ಲಿ ಸೀಸ ಮೆತ್ತಿಕೊಂಡರೂ ಸಿಡಿತವುಂಟು. ಮೂರನೆಯದು, ಹಳೆಯ ತೋಟಾದ ಮದ್ದು ಪೂರ್ತಿ ಉರಿಯದೆ ಕಾಳುಕಾಳಾಗಿ ಹಾರುವುದು.

"ಆರು ಮನೆಯಲ್ಲೂ ಎರಚುವುದೋ, ಒಂದರಲ್ಲಿ ಮಾತ್ರವೋ?" ಎಂದು ಕೇಳಿದೆ. ಒಂದರಲ್ಲೇ ಆದರೆ ಆ ಮನೆಯ ಕಚ್ಚಿನ ಮೇಲೆ ಮೊದಲ ಸಂದೇಹ. ಎಲ್ಲದರಲ್ಲೂ ಆದರೆ ಕೊಂಡಿ, ನಳಿಕೆ ಅಥವಾ ತೋಟಾ. "ಎಲ್ಲದ್ರಲ್ಲೂ" ಎಂದರು. ಪೇಟೆಯ ಲೇತ್ ಅಂಗಡಿಯಲ್ಲಿ ಅರ ಹಾಕಿಸುವ ಯೋಚನೆ ಅವರದು. ನಾನು ಬಲವಾಗಿ ತಡೆದೆ. 1959ರ ಆಯುಧ ಕಾಯಿದೆಯಂತೆ ದುರಸ್ತಿಯ ಕಸುಬಿಗೂ ಪರವಾನಗಿ ಬೇಕು. ಅಲ್ಲದೆ ಅರದಿಂದ ಹೋದ ಉಕ್ಕು ಮರಳಿ ಬಾರದು, ಸಂದು ಇನ್ನಷ್ಟು ಹಿಗ್ಗುತ್ತದೆ.

ಕೊನೆಗೆ ಮೈಸೂರಿನ ಪರವಾನಗಿಯುಳ್ಳ ಕುಶಲಿಯೊಬ್ಬರು ನೋಡಿದರು. ತೋಟಾ ತೆಗೆದು, ಎರಡೆರಡು ಸಲ ಪರೀಕ್ಷಿಸಿ, ಹ್ಯಾಮರನ್ನು ನಿಧಾನವಾಗಿ ಎಳೆದರು. ಹ್ಯಾಮರ್ ಪೂರ್ತಿ ಹಿಂದೆ ಬಂದು ನಿಂತರೂ ಸಿಲಿಂಡರಿನ ಬೀಗ ಕೂತಿರಲಿಲ್ಲ. ಕೊಂಡಿ ಸವೆದಿತ್ತು. ನಳಿಕೆಯ ಬಾಯಲ್ಲಿ ಸೀಸವೂ ಕಟ್ಟಿತ್ತು. ಸೀಸ ತೆಗೆದು ಕೊಂಡಿ ಬದಲಿಸಿದ ಮೇಲೆ ಎರಚುವುದು ನಿಂತಿತು.

ಆದರೂ ಸಂದು ಇದ್ದೇ ಇದೆ. ಆದ್ದರಿಂದ ಕಣ್ಣಿಗೆ ರಕ್ಷಣೆಯ ಕನ್ನಡಕ, ಸಂದಿನ ಪಕ್ಕದಿಂದ ಬೆರಳು ದೂರ, ನೋಡಲು ಬಂದವರು ಪಕ್ಕದಲ್ಲಲ್ಲ, ಹಿಂದೆ ದೂರದಲ್ಲಿ ಎಂಬ ಮೂರು ಮಾತು ಹೇಳಿದೆ. ಆಯುಧವಿರುವ ಮನೆಯವರಿಗೆಲ್ಲ ಹೇಳಬೇಕಾದ ಮಾತುಗಳಿವು. ತಂದೆಯ ನೆನಪಿನ ವಸ್ತುವೆಂದು ಯಂತ್ರ ಸವೆಯದೆ ಉಳಿಯುವುದಿಲ್ಲ.