ನಿನ್ನ ಕುದುರೆ ಹಿಂದೆ ಬರಲ್ಲ

2020ರ ಲಾಕ್‌ಡೌನ್‌ನಲ್ಲಿ ನಾನು ನಮ್ಮಪ್ಪನಿಗೆ ಮೋಸ ಮಾಡಿದೆ. ದುಡ್ಡಿನ ವಿಷಯದಲ್ಲಲ್ಲ, ಚೆಸ್‌ನಲ್ಲಿ. ಬರೆದುಕೊಂಡರೆ ಮನಸ್ಸು ಹಗುರಾಗುತ್ತೇನೋ ಅಂತ ಬರೀತಿದೀನಿ.

ಅಪ್ಪ ಸಾಗರದಲ್ಲಿ, ನಾನು ಬೆಂಗಳೂರಲ್ಲಿ. ಊರಿಗೆ ಹೋಗೋ ಹಾಗಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಇಬ್ಬರೂ ಫೋನಿನಲ್ಲಿ ಚೆಸ್ ಆ್ಯಪ್ ತೆರೆದು ಕೂರೋದು ಅಭ್ಯಾಸವಾಗಿತ್ತು. ಎರಡು ತಿಂಗಳ ಲೆಕ್ಕ: ಅಪ್ಪ 31, ನಾನು 4. ಒಂದು ರಾತ್ರಿ, ಆಫೀಸಿನ ಕಾಲ್‌ನಲ್ಲಿ ಚೆನ್ನಾಗಿ ಬೈಸಿಕೊಂಡು ಬಂದಿದ್ದೆ. ಇವತ್ತಾದ್ರೂ ಎಲ್ಲಾದರೂ ಗೆಲ್ಲಬೇಕು ಅನ್ನಿಸಿತು. ಲ್ಯಾಪ್‌ಟಾಪ್‌ನಲ್ಲಿ ಸ್ಟಾಕ್‌ಫಿಶ್ ಹಾಕಿಕೊಂಡೆ. ಬಿಟ್ಟಿ ಸಿಗುತ್ತೆ. ಅಪ್ಪನ ನಡೆ ಅಲ್ಲಿಗೆ, ಅದರ ಉತ್ತರ ಇಲ್ಲಿಗೆ. ಒಬ್ಬ ಟೈಪಿಸ್ಟ್ ಥರ ಕೂತಿದ್ದೆ, ಅಷ್ಟೇ.

ನಮ್ಮ ಮನೆಯಲ್ಲಿ ಕಂಪ್ಯೂಟರ್ ಮತ್ತು ಚೆಸ್ಸಿನ ಜಗಳ ಹಳೇದು. 1997ರಲ್ಲಿ ನಾನು ಮೂರನೇ ಕ್ಲಾಸು. ನ್ಯೂಯಾರ್ಕ್‌ನಲ್ಲಿ ಕ್ಯಾಸ್ಪರೋವ್ ಐಬಿಎಮ್‌ನ ಡೀಪ್ ಬ್ಲೂ ಜೊತೆ ಆಡ್ತಿದ್ದರೆ, ನಮ್ಮಪ್ಪ ಸಾಗರದಲ್ಲಿ ಪೇಪರ್ ಹಿಡಿದು ಚಡಪಡಿಸ್ತಿದ್ದ. ಹಿಂದಿನ ವರ್ಷ ಫಿಲಡೆಲ್ಫಿಯಾದಲ್ಲಿ ಇದೇ ಕ್ಯಾಸ್ಪರೋವ್ 4–2ರಿಂದ ಗೆದ್ದಿದ್ದ. ಈ ಸಲ ಎರಡನೇ ಆಟದಲ್ಲೇ ಎಡವಟ್ಟಾಯ್ತು. ಕಣ್ಣೆದುರಿಗೆ ಕಾಲಾಳುಗಳನ್ನು ಹೊಡೆಯೋ ಅವಕಾಶವಿತ್ತು. ಮೆಷಿನ್ ಅಂದಮೇಲೆ ಆಸೆಬುರುಕ, ಹೊಡೆದೇ ಹೊಡೆಯುತ್ತೆ ಅಂತ ಎಲ್ಲರ ಲೆಕ್ಕ. ಅದು ಹೊಡೆಯಲಿಲ್ಲ. ಒಂಟೆಯನ್ನು ಸುಮ್ಮನೆ ಒಂದು ಮನೆಗೆ ಸರಿಸಿ ಎದುರಾಳಿಯ ದಾರಿಯನ್ನೆಲ್ಲ ಮುಚ್ಚಿಬಿಟ್ಟಿತು. ಕ್ಯಾಸ್ಪರೋವ್ ಕೈಚೆಲ್ಲಿದ. ಆಮೇಲೆ ನೋಡಿದರೆ, ಅಲ್ಲಿ ಚೆಕ್ ಮೇಲೆ ಚೆಕ್ ಕೊಟ್ಟು ಡ್ರಾ ಮಾಡಿಕೊಳ್ಳೋ ದಾರಿ ಇತ್ತು!

ಇದು ಯಂತ್ರದ ನಡೆಯಲ್ಲ, ಹಿಂದೆ ಯಾರೋ ಮನುಷ್ಯನ ಕೈಯಿದೆ ಅಂತ ಕ್ಯಾಸ್ಪರೋವ್‌ಗೆ ಅನುಮಾನ. ದಾಖಲೆ ಕೊಡಿ ಅಂತ ಕೇಳಿದ. ಅಪ್ಪನಿಗೆ ಅನುಮಾನವೂ ಇರಲಿಲ್ಲ. ‘ಒಳಗೆ ಯಾರೋ ಕೂತಿದಾರೆ ಕಣೋ’ ಅಂದ. ನಾನು ಬೀರುವಿನೊಳಗೆ ಮಂಡಿ ಮಡಚಿ ಕೂತ ಒಬ್ಬ ಕುಳ್ಳನನ್ನು ಕಲ್ಪಿಸಿಕೊಂಡಿದ್ದೆ. (ಅಂಥದ್ದೊಂದು ನಿಜವಾಗ್ಲೂ ಇತ್ತು ಅಂತ ದೊಡ್ಡವನಾದಮೇಲೆ ಗೊತ್ತಾಯ್ತು. ಹದಿನೆಂಟನೇ ಶತಮಾನದಲ್ಲಿ ವಿಯೆನ್ನಾದಲ್ಲಿ ಹುಟ್ಟಿದ, ಟರ್ಕಿ ವೇಷದ ಚೆಸ್ ಯಂತ್ರ. ಒಳಗೆ ಮನುಷ್ಯ!) ಕೊನೆಗೆ ಆರನೇ ಆಟ ಬರೀ 19 ನಡೆಯಲ್ಲಿ ಮುಗಿದು, 3.5–2.5ರಿಂದ ಕ್ಯಾಸ್ಪರೋವ್ ಸೋತ.

ಡೀಪ್ ಬ್ಲೂ ಆಗ ನಿಜಕ್ಕೂ ಅವನಿಗಿಂತ ಬಲಶಾಲಿಯಾಗಿತ್ತಾ? ನನಗೆ ಹಾಗನ್ನಿಸಲ್ಲ. ಹೆಚ್ಚುಕಮ್ಮಿ ಸಮಸಮ. ಅವನು ಸೋತಿದ್ದು ತನ್ನ ದಿಗಿಲಿಗೆ. 2002ರಲ್ಲಿ ಬಹ್ರೇನ್‌ನಲ್ಲಿ ಕ್ರಾಮ್ನಿಕ್, ಡೀಪ್ ಫ್ರಿಟ್ಜ್ ಜೊತೆ 4–4. ಮರುವರ್ಷ ಕ್ಯಾಸ್ಪರೋವ್, ಡೀಪ್ ಜೂನಿಯರ್ ಜೊತೆ 3–3. ಜಗಳ ಮುಗಿದಿದ್ದು ಆಮೇಲೆ. 2005ರಲ್ಲಿ ಲಂಡನ್ನಿನಲ್ಲಿ ಹೈಡ್ರಾ ಅನ್ನೋ ಯಂತ್ರ ಮೈಕೆಲ್ ಆಡಮ್ಸ್‌ನನ್ನು 5.5–0.5ಕ್ಕೆ ತೊಳೆದುಹಾಕಿತು. 2006ರಲ್ಲಿ ಬಾನ್‌ನಲ್ಲಿ, ವಿಶ್ವ ಚಾಂಪಿಯನ್ ಕ್ರಾಮ್ನಿಕ್ ತನ್ನ ರಾಜನಿಗೆ ಒಂದೇ ನಡೆಯಲ್ಲಿ ಬೀಳಲಿದ್ದ ಚೆಕ್‌ಮೇಟ್ ಕಾಣದೆ ಆರಾಮಾಗಿ ಬೇರೇನೋ ಆಡಿದ. ‘ಪಾಪ, ಸುಸ್ತಾಗಿರುತ್ತೆ’ ಅಂದ ಅಪ್ಪ. ಯಂತ್ರಕ್ಕೆ ಸುಸ್ತಾಗಲ್ಲ, ಅದೇ ತಾನೇ ವಿಷಯ.

ನನ್ನನ್ನು ಬೆಚ್ಚಿಬೀಳಿಸಿದ್ದು ಮಾತ್ರ 2009. ಡೀಪ್ ಬ್ಲೂ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ನೋಡ್ತಿತ್ತು. ಬ್ಯೂನಸ್ ಐರಿಸ್‌ನಲ್ಲಿ ಒಂದು ಮಾಮೂಲಿ ಮೊಬೈಲ್ ಫೋನಿನಲ್ಲಿ ಓಡ್ತಿದ್ದ ಪಾಕೆಟ್ ಫ್ರಿಟ್ಜ್ ನೋಡ್ತಿದ್ದದ್ದು 20 ಸಾವಿರಕ್ಕೂ ಕಮ್ಮಿ. ಆದರೂ ಟೂರ್ನಮೆಂಟಿನಲ್ಲಿ 10ಕ್ಕೆ 9.5 ಪಾಯಿಂಟ್. ಅಂದರೆ ಯಂತ್ರ ಗೆದ್ದಿದ್ದು ಬರೀ ಜಾಸ್ತಿ ಎಣಿಸಿ ಅಲ್ಲ, ಏನನ್ನು ಎಣಿಸೋದು ಬೇಡ ಅಂತ ಕಲಿತು.

ಈಗ ಎಷ್ಟು ಅಂತರ ಅಂತ ಕೇಳಿದ್ರೆ ಜನ ರೇಟಿಂಗ್ ಹೇಳ್ತಾರೆ. ಕಾರ್ಲ್‌ಸನ್ 2014ರಲ್ಲಿ ಮುಟ್ಟಿದ ಎತ್ತರ 2882. ಸ್ಟಾಕ್‌ಫಿಶ್‌ಗೆ ಯಂತ್ರಗಳ ಪಟ್ಟಿಯಲ್ಲಿ 3500ರ ಮೇಲೆ. ಕಳೆದುಬಿಟ್ಟರೆ ಆಯ್ತಲ್ಲ? ಆಗಲ್ಲ. ಎಲೋ ರೇಟಿಂಗ್ ಅನ್ನೋದು ಒಂದೇ ಗುಂಪಿನಲ್ಲಿ ಒಬ್ಬರ ಮೇಲೊಬ್ಬರು ಆಡಿ ಬರೋ ಲೆಕ್ಕ. ಯಂತ್ರಗಳು ಯಂತ್ರಗಳ ಜೊತೆ, ಮನುಷ್ಯರು ಮನುಷ್ಯರ ಜೊತೆ ಆಡ್ತಿದಾರೆ. ನಿಮ್ಮ ಕಂಪನಿಯ ಅಪ್ರೈಸಲ್‌ನ 4, ನನ್ನ ಕಂಪನಿಯ 4 ಎರಡೂ ಒಂದೇ ಅಂದಹಾಗಾಗುತ್ತೆ. ಸುಮ್ಮನೆ ಕಳೆದೇಬಿಟ್ಟರೆ, 600 ಪಾಯಿಂಟ್ ಅಂತರಕ್ಕೆ ನೂರು ಆಟದಲ್ಲಿ ಮನುಷ್ಯನಿಗೆ ಸುಮಾರು ಮೂರು ಪಾಯಿಂಟ್ ಸಿಗಬೇಕು. ಅಷ್ಟೂ ಸಿಗಲಿಕ್ಕಿಲ್ಲ ಅಂತ ನನ್ನ ಅಂದಾಜು. 2016ರಲ್ಲಿ ಕೊಮೊಡೊ, ನಕಾಮುರಾಗೆ ಕಾಲಾಳು ಬಿಟ್ಟುಕೊಟ್ಟು, ಇನ್ನೇನೋ ರಿಯಾಯಿತಿ ಕೊಟ್ಟು ಆಡಿ, ನಾಲ್ಕು ಆಟದಲ್ಲಿ 2.5–1.5ರಿಂದ ಗೆದ್ದಿತು. ಚಿಕ್ಕ ಮಕ್ಕಳ ಜೊತೆ ದೊಡ್ಡವರು ಹಾಗೇ ಅಲ್ವಾ ಆಡೋದು?

ಅಂಥದ್ದನ್ನು ನಾನು ಅರವತ್ತೆಂಟು ವರ್ಷದ ಅಪ್ಪನ ಮೇಲೆ ಬಿಟ್ಟಿದ್ದೆ.

ಇಪ್ಪತ್ತಾರನೇ ನಡೆಗೆ ಅಪ್ಪ ಸೋಲೊಪ್ಪಿಕೊಂಡ. ಎರಡು ನಿಮಿಷಕ್ಕೆ ಫೋನ್ ಬಂತು. ಹೊಗಳ್ತಾನೆ ಅಂತ ಎತ್ತಿದೆ.

‘ಯಾವ ಮೆಷಿನ್ನೋ ಅದು?’

‘ಏನಪ್ಪಾ?’

‘ಮಧ್ಯದಲ್ಲಿ ನಿನ್ನ ಕುದುರೆ ವಾಪಸ್ ಮನೆಗೆ ಹೋಯ್ತಲ್ಲ. ನಿನ್ನ ಕುದುರೆ ಹಿಂದೆ ಬರಲ್ಲ ಕಣೋ. ಸತ್ರೂ ಬರಲ್ಲ. ಮಂತ್ರಿ ಮುಟ್ಟೋ ಮುಂಚೆ ಎರಡು ನಿಮಿಷ ಒದ್ದಾಡ್ತೀಯ, ಇವತ್ತು ಎಲ್ಲಾ ನಡೆಗೂ ಒಂದೇ ಟೈಮು.’

ಕ್ಯಾಸ್ಪರೋವ್‌ಗೆ ಯಂತ್ರದೊಳಗೆ ಮನುಷ್ಯ ಕಂಡಿದ್ದ. ಅಪ್ಪನಿಗೆ ಮಗನೊಳಗೆ ಯಂತ್ರ ಕಂಡಿತ್ತು. ವ್ಯತ್ಯಾಸ ಏನಂದ್ರೆ, ಅಪ್ಪನ ಅನುಮಾನ ಸರಿಯಾಗಿತ್ತು. ನಾನು ‘ಹೂಂ’ ಅಂದೆ. ‘ಆಯ್ತು, ಮಲಕ್ಕೋ’ ಅಂತ ಇಟ್ಟುಬಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಒಂಬತ್ತಕ್ಕೆ ಅಪ್ಪ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಮ್ಮನ ಫೋನಿಗೆ ಮಾಡಿದರೆ ‘ಟಿವಿ ನೋಡ್ತಿದಾರೆ’ ಅಂತಿದ್ದಳು. ಅಪ್ಪ ಟಿವಿ ನೋಡೋನೇ ಅಲ್ಲ. ಎಂಟನೇ ದಿನ ವಾಟ್ಸ್ಯಾಪ್‌ನಲ್ಲಿ ಒಂದು ಫೋಟೋ. ಹಳೇ ಮರದ ಬೋರ್ಡು, ಕಾಲಾಳು ಎರಡು ಮನೆ ಮುಂದೆ. ಕೆಳಗೆ: ‘ಆ್ಯಪ್ ಬೇಡ. ನೀನೂ ಬೋರ್ಡ್ ಹಾಕು. ಫೋಟೋ ಕಳಿಸು.’

ಅಟ್ಟದ ಮೇಲಿಂದ ಡಬ್ಬ ಇಳಿಸಿದೆ. ಒಂದು ಒಂಟೆ ಕಳೆದುಹೋಗಿತ್ತು, ಅದರ ಜಾಗಕ್ಕೆ ಪೇಸ್ಟಿನ ಮುಚ್ಚಳ ಇಟ್ಟೆ. ಆಟ ಮೂರು ದಿನ ನಡೆಯಿತು. ಕೊನೇ ಫೋಟೋದ ಮೂಲೆಯಲ್ಲಿ ಅಪ್ಪನ ಕಾಫಿ ಲೋಟ, ಅದರ ಪಕ್ಕ ಸೆರೆಸಿಕ್ಕ ನನ್ನ ಎರಡೂ ಕುದುರೆಗಳು.