ಕರ್ಸರ್ ಎಲ್ಲಿದೆ?

1989ರಲ್ಲಿ ಬೆಂಗಳೂರಿನ ಒಂದು ಕಚೇರಿಯಲ್ಲಿ ನನ್ನ ಪಾಲಿಗೆ ಬಂದದ್ದು ಹಸಿರು ಅಕ್ಷರದ ಟರ್ಮಿನಲ್. 24 ಸಾಲು, ಸಾಲಿಗೆ 80 ಅಕ್ಷರ. ಪಕ್ಕದ ಕೋಣೆಯ ಯುನಿಕ್ಸ್ ಯಂತ್ರದಿಂದ ಬರುವ ಕೇಬಲ್ಲಿನ ವೇಗ 9600 ಬಾಡ್, ಅಂದರೆ ಸೆಕೆಂಡಿಗೆ ಸುಮಾರು 960 ಅಕ್ಷರ. ಪರದೆ ತುಂಬಲು 1920 ಅಕ್ಷರ, ಎರಡು ಸೆಕೆಂಡು. ನಾನು ಬರೆದ ಪ್ರೋಗ್ರಾಂ ಒಂದು ಅಂಕಿ ಬದಲಾದರೂ ಇಡೀ ಫಾರಂ ಮತ್ತೆ ಬರೆಯುತ್ತಿತ್ತು. ಡೇಟಾ ಎಂಟ್ರಿಯ ಹೆಣ್ಣುಮಗಳೊಬ್ಬಳು ಬಂದು, "ಸಾರ್, ನೀವೇ ಒಂದು ಗಂಟೆ ಕೂತು ನೋಡಿ" ಅಂದಳು. ಕೂತೆ. ಅರ್ಧ ಗಂಟೆಗೇ ಸಾಕಾಯಿತು.

ಆ ವಾರವೇ ಎಸ್ಕೇಪ್ ಸಂಕೇತಗಳನ್ನು ಸರಿಯಾಗಿ ಕಲಿತೆ. ಆಸ್ಕಿಯಲ್ಲಿ ಎಸ್ಕೇಪ್‌ನ ಸಂಖ್ಯೆ 27. ಅದು ಬಂತೆಂದರೆ, ಹಿಂದೆ ಬರುವುದು ತೋರಿಸುವ ಅಕ್ಷರವಲ್ಲ, ಪಾಲಿಸುವ ಅಪ್ಪಣೆ. ಎಸ್ಕೇಪ್, ಚೌಕ ಕಂಸ, 12, ಸೆಮಿಕೋಲನ್, 40, ಎಚ್: ಕರ್ಸರ್ ಹೋಗಿ 12ನೇ ಸಾಲಿನ 40ನೇ ಕಾಲಮ್ಮಿನಲ್ಲಿ ನಿಲ್ಲುತ್ತದೆ. ಎಂಟೇ ಬೈಟು. ಬದಲಾದ ಅಂಕಿಯನ್ನಷ್ಟೇ ಅಲ್ಲಿ ಬರೆದರೆ ಮುಗಿಯಿತು. ಮಾರನೇ ವಾರ ಆಕೆ ಏನೂ ಹೇಳಲಿಲ್ಲ, ಫಾರಂಗಳ ಕಟ್ಟು ಮಾತ್ರ ಮಧ್ಯಾಹ್ನಕ್ಕೇ ಖಾಲಿಯಾಗಿತ್ತು. ನಾನು ಬರೆದ ಕೋಡ್‌ಗಳಲ್ಲಿ ನನಗೆ ಇಂದಿಗೂ ಹೆಚ್ಚು ತೃಪ್ತಿ ಕೊಡುವುದು ಅದೇ.

ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ 1975ರ ವಿಟಿ52 ಟರ್ಮಿನಲ್‌ಗೆ ಬೇರೆಯೇ ಸಂಕೇತಗಳಿದ್ದವು. ಅದೇ ಕಂಪನಿ 1978ರಲ್ಲಿ ತಂದ ವಿಟಿ100 ನಾನು ಕಲಿತ ಈ ಸಂಕೇತಗಳ ಆನ್ಸಿ ಪದ್ಧತಿಯನ್ನು ಹಿಡಿಯಿತು, ಉಳಿದವರು ಅದನ್ನು ಹಿಂಬಾಲಿಸಿದರು. ನನ್ನ ಮೇಜಿನ ಮೇಲಿದ್ದದ್ದೂ ಅಂಥ ಹಿಂಬಾಲಕನೇ.

ಈಗ ಲ್ಯಾಪ್‌ಟಾಪಿನ ಟರ್ಮಿನಲ್ ಎಂದರೆ ಒಂದು ಕಿಟಕಿ, ಅಷ್ಟೆ. ಕೇಬಲ್ ಇಲ್ಲ, ಕಾಯುವುದಿಲ್ಲ, ಒಂದೂವರೆ ಕೋಟಿಗೂ ಹೆಚ್ಚು ಬಣ್ಣಗಳಿವೆ. ಆ ಎಂಟು ಬೈಟು ಕಳಿಸಿದರೆ ಕರ್ಸರ್ ಇವತ್ತೂ ಅಲ್ಲಿಗೇ ಹೋಗುತ್ತದೆ. ಅಷ್ಟು ಹಳೆಯ ಒಪ್ಪಂದ ಇನ್ನೂ ನಡೆಯುತ್ತಿರುವುದು ನನಗೆ ದೊಡ್ಡ ವಿಷಯ.

ಆದರೆ ಸಾಲು, ಕಾಲಮ್ಮುಗಳ ಆ ಚೌಕುಳಿಯನ್ನು ಹಾಕಿದ್ದು ಒಂದೇ ಅಗಲದ ಇಂಗ್ಲಿಷ್ ಅಕ್ಷರಗಳಿಗೆ. ಒಂದು ಬೈಟು, ಒಂದು ಅಕ್ಷರ, ಒಂದು ಮನೆ. ನಮ್ಮ 'ಸ್ತ್ರೀ' ಓದುವವರಿಗೆ ಒಂದೇ ಅಕ್ಷರ. ಯುನಿಕೋಡ್‌ನಲ್ಲಿ ಆರು ಸಂಕೇತ, ಯುಟಿಎಫ್-8ರಲ್ಲಿ 18 ಬೈಟು. ಪರದೆಯಲ್ಲಿ ಎಷ್ಟು ಮನೆ? 'ಎಸ್ಕೇಪ್, ಚೌಕ ಕಂಸ, 6, ಎನ್' ಎಂದು ಕಳಿಸಿದರೆ ಟರ್ಮಿನಲ್ ತನ್ನ ಕರ್ಸರ್ ಎಲ್ಲಿದೆ ಎಂದು ಸಾಲು, ಕಾಲಮ್ ಸಮೇತ ಉತ್ತರಿಸುತ್ತದೆ. ಹೋದ ತಿಂಗಳು ಎರಡು ಬೇರೆ ಬೇರೆ ಟರ್ಮಿನಲ್ ಪ್ರೋಗ್ರಾಂ ತೆರೆದು, ಎರಡರಲ್ಲೂ ಮೊದಲ ಕಾಲಮ್ಮಿನಿಂದ 'ಸ್ತ್ರೀ' ಬರೆದು ಆ ಪ್ರಶ್ನೆ ಕೇಳಿದೆ. ಎರಡರ ಉತ್ತರವೂ ಬೇರೆ. ಒಂದರಲ್ಲಂತೂ ಕರ್ಸರ್ ಒತ್ತಕ್ಷರದ ಮೇಲೆಯೇ ಮಿನುಗುತ್ತಿತ್ತು.